ಒಂದು ಉಸಿರಿನ ತೂಕ

ಮೈನಸ್ ಐವತ್ತಕ್ಕಿಳಿದರೆ ಚಿಕ್ಕ ತರಗತಿಗಳಿಗೆ ರಜೆ.
ಹತ್ತನೆಯವರಾದ ನಮಗಿಲ್ಲ.
ಮಿರ್ನಿಯಲ್ಲಿ ಆ ಬೆಳಿಗ್ಗೆ ಬಿಟ್ಟ ಉಸಿರು
ಕಿವಿಯ ಬಳಿಯೇ ಹರಳುಗಟ್ಟಿ ಸಿಡಿಯುತ್ತಿತ್ತು,
ತರಗೆಲೆಯ ಮೇಲೆ ಯಾರೋ ಹೆಜ್ಜೆಯಿಟ್ಟ ಹಾಗೆ.

ವರ್ವಾರಾ ಸೆಮ್ಯೋನೊವ್ನಾ ಕೋಟಿನ ಜೇಬಿನಿಂದ
ಗಾಜು ಕೊಯ್ಯುವ ಹಿಡಿಯೊಂದನ್ನು ತೆಗೆದರು.
ಅವರಪ್ಪನದು. ಊರು ಇನ್ನೂ ಡೇರೆಗಳ ಸಾಲಾಗಿದ್ದಾಗ
ಮೊದಲ ಮನೆಗಳ ಮೂರು ಪದರದ ಕಿಟಕಿಗೆ
ಗಾಜು ಕೂರಿಸಿದಾತ. ಕಣ್ಣಿಂದಲ್ಲ, ಕಿವಿಯಿಂದ ಕೊಯ್ಯುತ್ತಿದ್ದನಂತೆ:
ಕಿರುಗುಟ್ಟಿದರೆ ತಪ್ಪು, ಗುನುಗಿದರೆ ಸರಿ.

ತುದಿಯಲ್ಲಿ ಕಂಡೂ ಕಾಣದ ಬೂದು ಚುಕ್ಕಿ.
"ಕ್ಯಾರೆಟ್ಟಿನ ಇಪ್ಪತ್ತರಲ್ಲೊಂದು ಪಾಲು. ಹತ್ತು ಮಿಲಿಗ್ರಾಂ.
ದೊಡ್ಡವಕ್ಕೆ ಹೆಸರಿಡುತ್ತಾರೆ. ಇದಕ್ಕೆ ನಂಬರೂ ಇಲ್ಲ."

ಇಂಗಾಲಕ್ಕೆ ನಾಲ್ಕು ಕೈ ಎಂದರು.
ಪೆನ್ಸಿಲಿನಲ್ಲಿ ಮೂರು ಕೈ ಹಿಡಿದು ಹಾಳೆಯಾಗುತ್ತವೆ,
ನಾಲ್ಕನೆಯದು ಅಡ್ಡಾಡುತ್ತದೆ;
ಅದಕ್ಕೇ ಹಾಳೆ ಹಾಳೆಯಾಗಿ ಜಾರಿ
ನಿಮ್ಮ ನೋಟ್‌ಬುಕ್ಕಿನಲ್ಲಿ ಬಿದ್ದಿರುವುದು, ತಪ್ಪು ಉತ್ತರಗಳಾಗಿ.
ಇಲ್ಲಿ ಒಂದು ಕೈಯೂ ಬಿಡುವಾಗಿಲ್ಲ.
ವಿದ್ಯುತ್ತು ಬಂದರೆ ದಾರಿಯಿಲ್ಲ.
ಬಿಸಿ ಬಂದರೆ ಮಾತ್ರ, ಒಂದು ಕೈ ನಡುಗಿದ್ದು
ಆ ಕ್ಷಣವೇ ಎಲ್ಲ ಕೈಗಳಿಗೂ ಗೊತ್ತು.
ತಾಮ್ರಕ್ಕೂ ಅಷ್ಟು ಬೇಗ ಸುದ್ದಿ ಮುಟ್ಟುವುದಿಲ್ಲ.

"ಮತ್ತೆ, ಶಾಶ್ವತ ಅಂತ ಅಂಗಡಿಯವರು ಹೇಳುವುದು?"
ಎಲ್ಲೆಯ್ ಕೇಳಿದ. ಅವನಕ್ಕನಿಗೆ ಆ ತಿಂಗಳು ನಿಶ್ಚಿತಾರ್ಥ.

"ನೆಲದ ಮೇಲಿನ ಕಾಯಿದೆ ಪ್ರಕಾರ
ಇದು ಎಂದೋ ಪೆನ್ಸಿಲ್ ಆಗಬೇಕಿತ್ತು.
ಆಳದಿಂದ ಬೆಂಕಿಕಲ್ಲಿನ ಜೊತೆ ಎಷ್ಟು ಅವಸರದಲ್ಲಿ ಬಂತೆಂದರೆ
ಬದಲಾಗಲು ಪುರಸೊತ್ತು ಸಿಗಲಿಲ್ಲ,
ಆಮೇಲೆ ಚಳಿಗೆ ಕೈ ಬಿಡಿಸಲಾಗಲಿಲ್ಲ.
ಗಟ್ಟಿ, ಹೌದು. ಸರಿಯಾದ ಮಗ್ಗುಲಿಗೆ ಒಂದು ಏಟು ಬಿದ್ದರೆ
ಸಕ್ಕರೆ ಅಚ್ಚಿನಂತೆ ಎರಡು ಹೋಳು."

ಸ್ಫಟಿಕದ ಕೊಳವೆ. ಆಮ್ಲಜನಕದ ಸಿಲಿಂಡರು.
ಕೆಳಗೆ ನೀಲಿ ಉರಿ.
ಚುಕ್ಕಿ ಮೊದಲು ಕೆಂಪಾಯಿತು, ಆಮೇಲೆ ಕಿತ್ತಳೆ,
ಆಮೇಲೆ ಅವರು ಉರಿ ಆರಿಸಿದರು
ಅದು ಆರಲಿಲ್ಲ.
ತನ್ನನ್ನೇ ಉಣ್ಣುತ್ತ ಬೆಳ್ಳಗೆ ಉರಿಯಿತು,
ಸಾಸಿವೆಯಾಗಿ, ಸಾಸಿವೆಯ ಅರ್ಧವಾಗಿ,
ಕೊನೆಗೆ ಕಣ್ಣು ನಂಬದೆ ಇನ್ನೂ ಹುಡುಕುತ್ತಿರುವ ಒಂದು ಜಾಗವಾಗಿ.

ಬೂದಿಯಿಲ್ಲ. ಮಸಿಯಿಲ್ಲ.
ಅತ್ತ ತುದಿಯಲ್ಲಿ ಸುಣ್ಣದ ತಿಳಿಯೊಳಗೆ ಗುಳುಗುಳು,
ತಿಳಿ ಹಾಲಾಯಿತು.

ಇನ್ನೊಂದು ಲೋಟ ಅಷ್ಟೇ ತಿಳಿ ತುಂಬಿ
ಐತಲಿನಾಳ ಕೈಗೆ ಸ್ಟ್ರಾ ಕೊಟ್ಟರು.
"ಊದು. ಒಂದೇ ಸಲ."
ಎರಡು ಲೋಟ ಕಿಟಕಿಗೆ ಹಿಡಿದು ನೋಡಿದೆವು.
ಯಾವುದು ಅವಳದು, ಯಾವುದು ಕಲ್ಲಿನದು
ಲೇಬಲ್ ಓದದೆ ಹೇಳಲಾಗಲಿಲ್ಲ.

"ಅಪ್ಪನದಲ್ಲವೇ, ಟೀಚರ್? ಬೇಸರವಿಲ್ಲವೇ?"
ಅವರು ಮೇಲಿನ ಪುಟ್ಟ ಕಿಂಡಿ ತೆರೆದರು,
ಕೋಣೆಯ ಬಿಸಿ ಬಿಳಿ ಕಂಬವಾಗಿ ಹೊರಗೆ ನಡೆಯಿತು.
"ಗಾಜು ಈಗ ಕೊಯ್ದೇ ಬರುತ್ತದೆ," ಎಂದರು,
ಬೆನ್ನು ನಮ್ಮ ಕಡೆಯಿತ್ತು.

ನಾನೀಗ ವಿಂಗಡಣೆ ಕೋಣೆಯಲ್ಲಿ, ಮೂರನೇ ಮೇಜು.
ಜೇಬಿಲ್ಲದ ಅಂಗಿ, ಉತ್ತರದ ಬೆಳಕು, ಚಿಮುಟ.
ಕ್ಯಾರೆಟ್ಟಿಗೆ ಇಪ್ಪತ್ತು ಉಸಿರೆಂಬ ಲೆಕ್ಕ ಯಾರಿಗೂ ಹೇಳಿಲ್ಲ.
ಐದು ಕ್ಯಾರೆಟ್ಟಿನದೊಂದು ಬಂದರೆ ನೂರುಸಿರು,
ಆರು ನಿಮಿಷದ ಬಾಳು,
ಮೆಟ್ಟಿಲು ಹತ್ತಿ ಬಂದವರಿಗೆ ಇನ್ನೂ ಬೇಗ ಮುಗಿಯುತ್ತದೆ.

ತೂಗುವಾಗ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಬೇಕು.
ಅದು ಮುಚ್ಚುವವರೆಗೆ
ಉಸಿರು ಬಿಗಿಹಿಡಿದಿರಬೇಕು.
ಗೋಡೆಯ ಮೇಲೆ ಬರೆದು ಹಾಕಿದ್ದಾರೆ.